ಮೊದಲನೇ ಸಮರ್ಥನೆ

ಮಾರ್ಚ್ 4, ಸೋಮವಾರ

ಈ ಡೈರಿ ನನ್ನದಲ್ಲ, ನನ್ನ ಹೆಂಡತಿಯದು. ಹೊಸ ವರ್ಷಕ್ಕೆಂದು ತಾನೇ ಕೊಂಡುತಂದು, ಜನವರಿ ಪೂರ್ತಿ ಬರೆದು, ಫೆಬ್ರವರಿ ಎರಡಕ್ಕೆ ನಿಲ್ಲಿಸಿದ್ದಾಳೆ. ಅವಳು ಬರೆದ ಹಾಳೆಗಳನ್ನು ಓದುವ ಧೈರ್ಯ ನನಗಿಲ್ಲ. ಅವಕ್ಕೊಂದು ಕ್ಲಿಪ್ಪು ಬಿಗಿದು, ಖಾಲಿ ಇರುವ ಕಡೆಯಿಂದ ಶುರು ಮಾಡಿದ್ದೇನೆ. ಇಷ್ಟು ಹಾಳೆ ದಂಡ ಮಾಡಿದರೆ ಅವಳೇ ಬೈಯುತ್ತಿದ್ದಳು.

ಮೀನುಗಾರಿಕೆ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ನೋಟಿಸು ಹಚ್ಚುವುದು ನನ್ನ ಕೆಲಸ. ಯಾವ ತಿಂಗಳು ಎಲ್ಲಿ ಬಲೆ ಹಾಕಬಾರದು, ಬಲೆಯ ಕಣ್ಣು ಎಷ್ಟಗಲ ಇರಬೇಕು, ಎಷ್ಟು ಉದ್ದಕ್ಕಿಂತ ಚಿಕ್ಕ ಮೀನನ್ನು ಮುಟ್ಟಬಾರದು, ಎಲ್ಲವನ್ನೂ ಬಂದರಿನ ಬೋರ್ಡಿಗೆ ಹಚ್ಚಿ ದೋಣಿಯವರಿಗೆ ತಿಳಿಸಬೇಕು. ಅಂಟು ನಾನೇ ಕುದಿಸುತ್ತೇನೆ. ಮೈದಾ, ನೀರು, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ. ನಾನು ಹಚ್ಚಿದ ಕಾಗದ ಗಾಳಿಗೆ ಹಾರಿದ್ದಿಲ್ಲ, ಮಳೆಗೆ ಜಾರಿದ್ದಿಲ್ಲ. ಬಂದರಿನವರು ನನ್ನನ್ನು ಗೋಂದಣ್ಣ ಎಂದೇ ಕರೆಯುವುದು. ಮೊದಲು ಸಿಟ್ಟು ಬರುತ್ತಿತ್ತು, ಈಗ ಹೆಸರು ಹಿಡಿದು ಕರೆದರೇ ತಿರುಗಿ ನೋಡುವುದಿಲ್ಲ.

ಊರಿನ ಸಾವಿನ ಸುದ್ದಿಗಳನ್ನೂ ಅದೇ ಬೋರ್ಡಿಗೆ ಹಚ್ಚುತ್ತಾರೆ. ಅವಳದೂ ಇದೆ. ಫೆಬ್ರವರಿ ಒಂಬತ್ತಕ್ಕೆ ಹೋದಳು, ಹತ್ತರ ಬೆಳಿಗ್ಗೆ ನಾನೇ ಹಚ್ಚಿದೆ. ಬೇರೆಯವರ ಕೈಗೆ ಕೊಟ್ಟಿದ್ದರೆ ಮೂಲೆ ಮಡಚಿಕೊಳ್ಳುತ್ತಿತ್ತು. ಅವಳ ತಮ್ಮನ ದೋಣಿ ಮೊದಲ ಸಲ ನೀರಿಗಿಳಿದ ದಿನ ತೆಗೆದ ಫೋಟೋ ಅದರಲ್ಲಿದೆ. ಪ್ರೆಸ್ಸಿನವನು ತಮ್ಮನನ್ನು ಕತ್ತರಿಸಿ ತೆಗೆದಿದ್ದಾನೆ, ಆದರೆ ಅವಳ ಭುಜದ ಮೇಲಿಟ್ಟ ಅವನ ಕೈ ಉಳಿದುಬಿಟ್ಟಿದೆ. ಮನೆಯಲ್ಲೂ ಅವಳ ಫೋಟೋ ಇದೆ. ಆದರೆ ಅಲ್ಲಿ ನೋಡುವವನು ನಾನೊಬ್ಬನೇ. ಇಲ್ಲಿ ಬಂದವರೆಲ್ಲ ಅವಳನ್ನು ನೋಡಿಕೊಂಡು ಹೋಗುತ್ತಾರೆ.

ಸೋಮವಾರ ಬಂತೆಂದರೆ ರಿಜಿಸ್ಟರಿನಲ್ಲಿ ‘ಎಲ್ಲ ಸೂಚನೆಗಳೂ ಓದುವಂತಿವೆ’ ಎಂದು ಬರೆದು ಸಹಿ ಹಾಕಬೇಕು. ಇವತ್ತೂ ಹಾಕಿದೆ. ಬೋರ್ಡಿನ ಮುಂದೆ ಕಾಲು ಗಂಟೆ ನಿಂತಿದ್ದೆ. ನೋಡಿದ್ದು ಅವಳನ್ನು ಮಾತ್ರ.

ಮಾರ್ಚ್ 6, ಬುಧವಾರ

ಅವಳ ತಮ್ಮ ನಿನ್ನೆ ಸಿಕ್ಕಿಬಿದ್ದಿದ್ದಾನೆ. ನದಿ ಸಮುದ್ರ ಸೇರುವಲ್ಲಿ ಒಂದು ಮರಳು ದಿಬ್ಬ ಇದೆ. ಮೀನು ಮೊಟ್ಟೆ ಇಡುವ ಜಾಗ ಎಂದು ಫೆಬ್ರವರಿ ಇಪ್ಪತ್ತೈದರಿಂದ ಅಲ್ಲಿ ಬಲೆ ಹಾಕುವುದನ್ನು ಈ ವರ್ಷ ಹೊಸದಾಗಿ ನಿಷೇಧಿಸಿದ್ದಾರೆ. ಇವನು ಸರಿಯಾಗಿ ಅಲ್ಲೇ ಬಲೆ ಬಿಟ್ಟುಕೊಂಡು ಕೂತಿದ್ದನಂತೆ. ಗಸ್ತಿನ ದೋಣಿ ಬಂದಾಗ ಓಡಲೂ ಇಲ್ಲವಂತೆ, ಕೈ ಬೀಸಿ ನಕ್ಕನಂತೆ.

ಇದು ಮೂರನೇ ಸಲ. ಹಿಂದೆ ಎರಡು ಸಲ ಸಣ್ಣ ಕಣ್ಣಿನ ಬಲೆ ಹಾಕಿ ಸಿಕ್ಕಿಬಿದ್ದಿದ್ದ. ಆಗ ಅವಳು, ಸಾಹೇಬರ ಹತ್ತಿರ ಒಂದು ಮಾತು ಹೇಳಿ ಎಂದು ಕೇಳಿಕೊಂಡಿದ್ದಳು. ಕಾನೂನಿಗೆ ಅಕ್ಕ ತಮ್ಮ ಇಲ್ಲ ಎಂದಿದ್ದೆ. ಮೂರನೇ ತಪ್ಪಿಗೆ ಲೈಸೆನ್ಸೂ ಹೋಗುತ್ತದೆ, ದೋಣಿಯೂ ಹೋಗುತ್ತದೆ. ಆ ದೋಣಿ ಬಿಟ್ಟರೆ ಅವನಿಗೆ ಇನ್ನೇನು ಬರುತ್ತದೋ ನನಗೆ ತಿಳಿಯದು.

ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳು ಐದು ದಿನ ಆಸ್ಪತ್ರೆಯಲ್ಲಿ ಬಾಗಿಲು ನೋಡುತ್ತ ಮಲಗಿದ್ದಳು. ಇವನು ಹೊರ ಸಮುದ್ರದಲ್ಲಿದ್ದ. ಹನ್ನೆರಡನೇ ತಾರೀಕಿಗೆ ಬಂದ, ಎಲ್ಲ ಮುಗಿದ ಮೇಲೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಊಟಕ್ಕೆ ಕೂತೆ. ಊಟ ಸೇರಲಿಲ್ಲ. ಅನ್ನ ಹಸಿ ಇತ್ತು.

ಮಾರ್ಚ್ 7, ಗುರುವಾರ

ಪ್ರತಿ ನೋಟಿಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಐದು ಸಾಲು ಇರುತ್ತವೆ. ನಿಯಮ ಮೀರಿದವನು ಇವುಗಳಲ್ಲಿ ಒಂದನ್ನು ಸಾಬೀತು ಮಾಡಿದರೆ ತಪ್ಪಿತಸ್ಥ ಅಲ್ಲ. ಒಂದು, ಸೂಚನೆಯನ್ನು ದೋಣಿ ಕಟ್ಟುವಲ್ಲಿ ಹದಿನಾಲ್ಕು ದಿನ ಓದುವಂತೆ ಹಚ್ಚಿರಲಿಲ್ಲ. ಎರಡು, ಗಾಳಿಯೋ ಸೆಳವೋ ದೋಣಿಯನ್ನು ಅಲ್ಲಿಗೆ ತಳ್ಳಿತು. ಮೂರು, ಎಂಜಿನ್ ಕೆಟ್ಟಿತ್ತು. ನಾಲ್ಕು, ಸಿಕ್ಕ ಮೀನನ್ನು ಜೀವಂತವಾಗಿ ಕೂಡಲೇ ನೀರಿಗೆ ಬಿಟ್ಟೆ. ಐದು, ಇನ್ನೊಬ್ಬರ ಜೀವ ಉಳಿಸಲು ಹೋಗಿದ್ದೆ. ಇವಕ್ಕೆ ಸಮರ್ಥನೆ ಎನ್ನುತ್ತಾರೆ. ಈ ಊರಿನಲ್ಲಿ ಅಷ್ಟು ಕೆಳಗಿನವರೆಗೆ ಓದಿದವಳು ಅವಳೊಬ್ಬಳೇ.

ಓದಿ ಸುಮ್ಮನಿದ್ದಳೇ? ಸಂತೆಯಿಂದ ತಡವಾಗಿ ಬಂದರೆ "ಎರಡನೇದು, ಸೆಳವು ಜಾಸ್ತಿ ಇತ್ತು" ಎನ್ನುವಳು. ಸಾರು ಸೀದರೆ ಮೂರನೇದು. ನನ್ನ ಜೊತೆ ಜಗಳಾಡಿ ತಾನೇ ಬಂದು ಮಾತಾಡಿಸಿದರೆ, "ನಾಲ್ಕನೇದು, ಜೀವಸಹಿತ ಬಿಟ್ಟಿದ್ದೀನಿ ಹೋಗಿ." ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲನೇದು. ನಾನು ಹೇಳಿದ ಕೆಲಸ ಮರೆತಾಗಲೆಲ್ಲ ಸೊಂಟಕ್ಕೆ ಕೈ ಇಟ್ಟು, "ನಂಗ್ಯಾರೂ ಹೇಳ್ಲಿಲ್ಲ. ಬೋರ್ಡಿಗೆ ಹಚ್ಚಿದ್ರಾ?" ಎಂದು ದಬಾಯಿಸುತ್ತಿದ್ದಳು. ಊರಿಗೆಲ್ಲ ತಿಳಿಸುವ ಗಂಡ ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬುದು ಅವಳ ದೂರು.

ಮಾರ್ಚ್ 11, ಸೋಮವಾರ

ಇನ್‌ಸ್ಪೆಕ್ಟರ್ ಮೇಡಂ ಕರೆಸಿದರು. ದಿಬ್ಬದ ನೋಟಿಸು ಹಚ್ಚಿದ ದಾಖಲೆ ಕೇಳಿದರು. ಕೊಟ್ಟೆ. ಫೆಬ್ರವರಿ ಎಂಟು, ನನ್ನ ಸಹಿ. ಆಮೇಲಿನ ನಾಲ್ಕು ಸೋಮವಾರಗಳಲ್ಲೂ ‘ಓದುವಂತಿವೆ’, ನನ್ನ ಸಹಿ. ಇವತ್ತಿನದನ್ನೂ ಸೇರಿಸಿ ಐದು. ನಿಮ್ಮ ಕೆಲಸ ಅಂದರೆ ಕೆಲಸ, ಇಷ್ಟು ಸಾಕು ಎಂದರು. ನನಗೆ ಹೆಮ್ಮೆಯೇ ಆಯಿತು. ಆ ಎಂಟನೇ ತಾರೀಕು ಅವಳ ಮಂಚದ ಪಕ್ಕದಿಂದ ಎದ್ದು ಹೋಗಿ ಹಚ್ಚಿ ಬಂದಿದ್ದೆ. ಒಂದು ಗಂಟೆ ಎಂದು ಹೇಳಿ ಹೋದವನು ಎರಡು ಗಂಟೆ ಮಾಡಿದ್ದೆ.

ಸಂಜೆ ಬೋರ್ಡಿನ ಹತ್ತಿರ ಹೋದಾಗ ಯಾಕೋ ಆ ನೋಟಿಸನ್ನು ಕಣ್ಣಾರೆ ನೋಡೋಣ ಎನಿಸಿತು. ಹುಡುಕಿದೆ. ಬಲೆಯ ಕಣ್ಣಿನದು ಇದೆ, ಹೋದ ವರ್ಷದ ಲೈಸೆನ್ಸಿನದು ಇದೆ, ದಿಬ್ಬದ್ದಿಲ್ಲ. ಯಾರು ಕಿತ್ತರು ಎಂದು ಬೈದುಕೊಳ್ಳುತ್ತಿದ್ದಾಗ ಅವಳ ಕಾಗದದ ಎಡಗಡೆ ಕೆಳಗಿನಿಂದ ನೇರಳೆ ಮೊಹರಿನ ಅಂಚು ಕಂಡಿತು. ಇಲಾಖೆಯ ಮೊಹರು. ಹತ್ತರ ಬೆಳಿಗ್ಗೆ ನನಗೆ ಬೋರ್ಡು ಕಂಡಿರಲಿಲ್ಲ. ಬ್ರಶ್ಶು ಆಡಿಸಿದ್ದು ನೆನಪಿದೆ, ಎಲ್ಲಿ ಎಂದು ನೆನಪಿಲ್ಲ.

ಎರಡೇ ದಿನ. ಹದಿನಾಲ್ಕು ದಿನ ಇರಬೇಕಾದ ನೋಟಿಸನ್ನು ಎರಡು ದಿನಕ್ಕೆ ನಾನೇ ಮುಚ್ಚಿದ್ದೇನೆ. ಅವಳನ್ನು ಅದರ ಮೇಲೆ ಹಚ್ಚಿದ್ದೇನೆ.

ಮಾರ್ಚ್ 12, ಮಂಗಳವಾರ

ಯಾರಿಗೂ ಹೇಳಲಿಲ್ಲ.

ಮಾರ್ಚ್ 13, ಬುಧವಾರ

ಇವತ್ತೂ ಇಲ್ಲ. ಹೇಳಿದರೆ ಅವಳ ಕಾಗದವನ್ನು ಕೀಳಬೇಕಾಗುತ್ತದೆ. ಅಡಿಯಲ್ಲಿ ಏನಿದೆ ಎಂದು ತೋರಿಸದೆ ನನ್ನ ಮಾತನ್ನು ಯಾರು ನಂಬುತ್ತಾರೆ, ಐದು ಸಹಿ ಎದುರಿಗಿರುವಾಗ? ಕೆಲಸ ಹೋಗುವ ಹೆದರಿಕೆ ಅಲ್ಲ. ನಿವೃತ್ತಿಗೆ ಎಂಟು ತಿಂಗಳಿದೆ, ಹೋದರೆ ಹೋಗಲಿ. ನನ್ನ ಅಂಟು ಎಂಥದ್ದೆಂದು ನನಗೆ ಗೊತ್ತು. ಕಿತ್ತರೆ ಇಡಿಯಾಗಿ ಬರುವುದಿಲ್ಲ.

ಅವಳ ತಮ್ಮ ತಪ್ಪು ಮಾಡುವವನೇ. ಗೊತ್ತಿದ್ದೇ ಹಾಕಿರಬೇಕು. ಬಾಯಿಮಾತಿನಲ್ಲಿ ಕೇಳಿರದೆ ಇರುತ್ತಾನೆಯೇ?

ಮಾರ್ಚ್ 15, ಶುಕ್ರವಾರ

ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತು ಬಲೆ ಹೊಲಿಯುತ್ತಾಳೆ. ಬಲೆಯಜ್ಜಿ ಎನ್ನುತ್ತೇವೆ. ಬಂದರಿನಲ್ಲಿ ಅವಳಿಗೆ ಗೊತ್ತಿಲ್ಲದ್ದು ಮೀನಿಗೂ ಗೊತ್ತಿರುವುದಿಲ್ಲ. ಇವತ್ತು ನಾನು ಹೋಗಿ ನಿಂತರೂ ತಲೆ ಎತ್ತದೆ, ದಿನಾ ಬಂದು ಬಂದು ಮೂಲೆ ಒತ್ತಿ ಒತ್ತಿ ಹೋಗ್ತೀರಲ್ಲ, ನಿಮಗೂ ಗೊತ್ತಾಯ್ತು ಅನ್ನಿ ಎಂದಳು.

ಅವಳೇ ಹೇಳಿದಳು. ಫೆಬ್ರವರಿ ಹನ್ನೆರಡನೇ ತಾರೀಕು ತಮ್ಮ ದೋಣಿ ಕಟ್ಟಿ, ಹೊಸ ನೋಟಿಸು ಏನಾದರೂ ಇದೆಯಾ ಎಂದು ನೋಡಲು ಬೋರ್ಡಿಗೆ ಬಂದನಂತೆ. ಅಕ್ಕನ ಮುಖ ಕಂಡಿತಂತೆ. ಅವಳು ಹೋದದ್ದು ಅವನಿಗೆ ತಿಳಿದದ್ದೇ ಹಾಗೆ. ಅಲ್ಲೇ ಕಟ್ಟೆಯ ಮೇಲೆ ಕುಸಿದು ಸಂಜೆಯವರೆಗೆ ಕೂತಿದ್ದನಂತೆ. ಆಮೇಲೆ ಮೂರು ವಾರ ಮನೆಯಿಂದ ಹೊರಗೆ ಬರಲಿಲ್ಲ, ಯಾರ ಜೊತೆಗೂ ಮಾತಿಲ್ಲ. ಬಂದವನು ಸೀದಾ ದೋಣಿ ಬಿಚ್ಚಿದ. ದಿಬ್ಬದ ವಿಷಯ ಅವನ ಕಿವಿಗೆ ಬೀಳಲು ದಾರಿಯೇ ಇರಲಿಲ್ಲ.

ಹಿಡಿದ ಮಾರನೆಯ ದಿನ ಬಂದು ಬೋರ್ಡನ್ನೆಲ್ಲ ಹುಡುಕಿದನಂತೆ. ಅವಳ ಕಾಗದದ ಮೂಲೆ ಎತ್ತಿ ನೋಡಿದ, ಮೊಹರು ಕಂಡಿತು. ಮತ್ತೆ ಮೂಲೆಯನ್ನು ಉಗುಳು ಹಚ್ಚಿ ಒತ್ತಿ ಕೂರಿಸಿದ. ಹೇಳಿಕೆ ಬರೆಸಿಕೊಳ್ಳುವಾಗ ಮೇಡಂ ಐದೂ ಸಮರ್ಥನೆ ಓದಿ, ಇವುಗಳಲ್ಲಿ ಯಾವುದಾದರೂ ಇದೆಯಾ ಎಂದು ಕೇಳಿದ್ದಕ್ಕೆ ಯಾವುದೂ ಇಲ್ಲ ಎಂದು ಸಹಿ ಹಾಕಿ ಬಂದಿದ್ದಾನೆ.

"ಯಾರಿಗೂ ಹೇಳ್ಬೇಡ ಅಜ್ಜಿ ಅಂದಿದ್ದ," ಎಂದಳು ಬಲೆಯಜ್ಜಿ. "ದೋಣಿ ಹೋದ್ರೆ ಹೋಗ್ಲಿ, ಅಕ್ಕನ ಮುಖಕ್ಕೆ ಬ್ಲೇಡು ಹಾಕೋದು ಬೇಡ ಅಂದ. ನಿಮಗೆ ಹೇಳ್ಬೇಡ ಅಂತ ಬೇರೆಯಾಗಿ ಹೇಳಿರ್ಲಿಲ್ಲ, ಅದಕ್ಕೆ ಹೇಳಿದೆ."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವಳು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

ಮಾರ್ಚ್ 17, ಭಾನುವಾರ

ಕ್ಲಿಪ್ಪು ತೆಗೆದೆ. ಪೂರ್ತಿ ಓದಲಾಗಲಿಲ್ಲ, ಕೊನೆಯ ಹಾಳೆಯೊಂದನ್ನೇ ಓದಿದೆ. ಫೆಬ್ರವರಿ ಎರಡು. ಅವಳ ದುಂಡು ಅಕ್ಷರ.

‘ಸೋಮವಾರ ಆಸ್ಪತ್ರೆಗೆ ಸೇರಿಸುತ್ತಾರಂತೆ. ತಮ್ಮ ನಿನ್ನೆಯೇ ದೂರಕ್ಕೆ ಹೋದ. ಪರೀಕ್ಷೆಗೆ ಕೊಟ್ಟದ್ದು ಮಾತ್ರ ಅವನಿಗೆ ಗೊತ್ತು. ರಿಪೋರ್ಟಿನಲ್ಲಿ ಏನಾದರೂ ಇದ್ದರೆ ಇವರೇ ಆಫೀಸಿನ ವೈರ್‌ಲೆಸ್ಸಿನಲ್ಲಿ ಅವನಿಗೆ ತಿಳಿಸುತ್ತಾರೆ. ಕೇಳಿದೆ, ಹೂಂ ಎಂದಿದ್ದಾರೆ. ನಿಶ್ಚಿಂತೆ.’

ಇದನ್ನು ಇಲ್ಲಿಯವರೆಗೆ ಬರೆಯಲಿಲ್ಲ. ಈಗ ಬರೆಯುತ್ತೇನೆ. ಫೆಬ್ರವರಿ ಆರಕ್ಕೆ ರಿಪೋರ್ಟು ಬಂತು. ಉಳಿಯುವುದಿಲ್ಲ ಎಂದರು. ನಾನು ಆಫೀಸಿಗೆ ಹೋಗಿ ವೈರ್‌ಲೆಸ್ ಕೋಣೆಯ ಬಾಗಿಲಲ್ಲಿ ನಿಂತೆ. ವೈರ್‌ಲೆಸ್ ನೋಡಿಕೊಳ್ಳುವವನು ನನ್ನ ಮುಖ ನೋಡಿಯೇ, ಮೈದುನನಿಗೆ ಏನಾದರೂ ಹೇಳಬೇಕಾ ಎಂದು ತಾನಾಗಿ ಕೇಳಿದ. ಗೋಡೆಯ ಮೇಲೆ ನಾನೇ ಹಚ್ಚಿದ ಕಾಗದ ಇತ್ತು. ‘ಖಾಸಗಿ ಸಂದೇಶಗಳಿಗೆ ಅವಕಾಶವಿಲ್ಲ.’ ಬೇಡ ಎಂದು ಬಂದುಬಿಟ್ಟೆ. ನಿಯಮಕ್ಕೆ ಹೆದರಿದೆನೋ, ಆ ಮಾತನ್ನು ಬಾಯಿಬಿಟ್ಟು ಹೇಳಲು ಹೆದರಿದೆನೋ, ಇವತ್ತಿಗೂ ಗೊತ್ತಿಲ್ಲ. ಮೂರು ದಿನ ಇತ್ತು. ಅವನು ಒಂದೂವರೆ ದಿನದಲ್ಲಿ ಬಂದುಬಿಡುತ್ತಿದ್ದ.

ಅವಳು ಕೇಳಿದಾಗಲೆಲ್ಲ ದಾರಿಯಲ್ಲಿದ್ದಾನೆ ಎಂದೆ.

ಮಾರ್ಚ್ 19, ಮಂಗಳವಾರ

ತಮ್ಮನ ದೋಣಿಯ ಹತ್ತಿರ ಹೋಗಿದ್ದೆ. ಜಪ್ತಿಯ ಚೀಟಿ ಅಂಟಿಸಿದ್ದರೂ ಅವನು ಅದನ್ನು ತೊಳೆಯುತ್ತಿದ್ದ. ಕೈಯಿಂದ ಹೋಗುವ ದೋಣಿಯನ್ನು ಯಾರಾದರೂ ಅಷ್ಟು ಉಜ್ಜುತ್ತಾರೆಯೇ? ನನ್ನನ್ನು ಕಂಡು ಬಕೆಟ್ಟು ಕವುಚಿ ಹಾಕಿ ಕೂರಲು ಕೊಟ್ಟ. ಸೊರಗಿ ಕಡ್ಡಿಯಾಗಿದ್ದಾನೆ. ಮೂಗು, ಹುಬ್ಬು ಥೇಟು ಅವಳದೇ. ಇಷ್ಟು ವರ್ಷ ನೋಡಿರಲಿಲ್ಲ.

ಮೊದಲನೇ ಸಮರ್ಥನೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮಗೆ ಅಲ್ಲಿ ದಿನಾ ಅಕ್ಕನನ್ನು ನೋಡಬೇಕಲ್ಲ ಎಂದ. ನಾನು ದಿನವೂ ಹೋಗುವುದು ಅವನಿಗೆ ಗೊತ್ತಿತ್ತು. ಅವನೂ ಹೋಗುತ್ತಾನಂತೆ, ನಾನು ಹೋದ ಮೇಲೆ.

ಆಮೇಲೆ ಬಟ್ಟೆ ಹಿಂಡುತ್ತ, ನನ್ನ ಕಡೆ ನೋಡದೆ ಹೇಳಿದ: "ಆ ಹನ್ನೆರಡು ದಿನ ವೈರ್‌ಲೆಸ್ ಆರಿಸಲೇ ಇಲ್ಲ ಭಾವ. ಮಲಗುವಾಗಲೂ ಕಿವಿ ಹತ್ರಾನೇ ಇಟ್ಕೊಂಡಿದ್ದೆ. ಏನೂ ಬರ್ಲಿಲ್ಲ. ಭಾವ ಅಲ್ಲೇ ಆಫೀಸಲ್ಲಿದ್ದಾರೆ, ಏನಾದ್ರೂ ಇದ್ರೆ ಹೇಳ್ತಿದ್ರು, ಅಕ್ಕ ಹುಷಾರಾಗಿದ್ದಾಳೆ ಅಂದ್ಕೊಂಡೆ."

ಅಲ್ಲಿ ಹೇಳಬೇಕಿತ್ತು. ಕಾಲು ಮರಗಟ್ಟಿದೆ ಎಂದು ಎದ್ದು ಬಂದೆ.

ಮಾರ್ಚ್ 20, ಬುಧವಾರ

ಮೇಡಂಗೆ ಹೇಳಿದೆ. ಬೋರ್ಡಿನ ವಿಷಯ ಮಾತ್ರ. ಅವರು ಬಹಳ ಹೊತ್ತು ರಿಜಿಸ್ಟರು ನೋಡಿದರು. ಹೀಗೆಂದು ಬರೆದುಕೊಟ್ಟರೆ ನಿಮ್ಮ ಮೇಲೆ ಕ್ರಮ ಆಗುತ್ತದೆ, ಗೊತ್ತಲ್ಲ ಎಂದರು. ಗೊತ್ತು ಎಂದೆ. ಸಾಕ್ಷಿಗಳ ಮುಂದೆ ಮೇಲಿನ ಕಾಗದ ತೆಗೆಯಬೇಕು, ಬೇರೆಯವರನ್ನು ಕಳಿಸುತ್ತೇನೆ ಎಂದರು. ಬೇಡ, ಹಚ್ಚಿದ್ದು ನಾನು ಎಂದೆ.

ಮಾರ್ಚ್ 21, ಗುರುವಾರ

ಬಿಸಿನೀರು, ಸ್ಪಂಜು, ತೆಳು ಬ್ಲೇಡು. ಮೇಡಂ, ಇಬ್ಬರು ಸಾಕ್ಷಿಗಳು, ಬಲೆಯಜ್ಜಿ. ತಮ್ಮ ದೂರದಲ್ಲಿ ಕಂಬಕ್ಕೆ ಒರಗಿ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದ.

ಅಂಚುಗಳನ್ನು ನೆನೆಸಿದೆ. ಕಾದೆ. ಮತ್ತೆ ನೆನೆಸಿದೆ. ಮೂವತ್ತೊಂದು ವರ್ಷ ಯಾವ ಅಂಟನ್ನು ಹೊಗಳಿಕೊಂಡೆನೋ ಅದು ಇವತ್ತು ನನ್ನ ಮಾತು ಕೇಳಲಿಲ್ಲ. ಹೆಸರು, ತಾರೀಕು ಇದ್ದ ಭಾಗ ಬಂತು. ಗಲ್ಲದ ಹತ್ತಿರ ಕಾಗದ ಸೀಳಿತು. ನಿಲ್ಲಿಸಿಬಿಟ್ಟೆ. ಇನ್ನು ನನ್ನಿಂದಾಗದು ಎಂದು ಬ್ಲೇಡು ಕೆಳಗಿಡುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಕೆಟ್ಟು ಎತ್ತಿ ಹಿಡಿದರು. ತಮ್ಮ.

"ನಿಧಾನ ಭಾವ," ಎಂದ. "ನಾನು ನೀರು ಹಾಕ್ತೀನಿ, ನೀವು ತೆಗೀರಿ."

ಅವನು ನೀರು ಹಾಕಿದ, ನಾನು ತೆಗೆದೆ. ಬಾಯಿ ಹೋಯಿತು. ಒಂದು ಕಣ್ಣು ಚೂರಾಯಿತು, ಇನ್ನೊಂದು ಇಡಿಯಾಗಿ ಸ್ಪಂಜಿಗೆ ಅಂಟಿಕೊಂಡು ಬಂತು. ಅದನ್ನು ಅವನು ಅಂಗೈಯಲ್ಲಿ ಇಸಿದುಕೊಂಡ. ಅಡಿಯಲ್ಲಿ ‘ಸಾರ್ವಜನಿಕ ಸೂಚನೆ’ ಕಾಣಿಸಿತು, ದಿಬ್ಬದ ನಕ್ಷೆ ಕಾಣಿಸಿತು, ಎಂಟನೇ ತಾರೀಕಿನ ಮೊಹರು, ನನ್ನ ಸಹಿ. ಕೊನೆಯ ಐದು ಸಾಲು ಒಂದಕ್ಷರ ಮಾಸಿರಲಿಲ್ಲ. ಮೇಡಂ ಫೋಟೋ ತೆಗೆದುಕೊಂಡರು. ಸಾಕು, ಉಳಿದದ್ದು ಬಿಡಿ ಎಂದರು.

ಉಳಿದದ್ದು ಭುಜದ ಒಂದು ತುಂಡು. ಅದರ ಮೇಲೆ ಅವನ ಕೈ.

ಮಾರ್ಚ್ 23, ಶನಿವಾರ

ಅವನನ್ನು ಬಿಟ್ಟರು. ಲೈಸೆನ್ಸೂ ಉಳಿಯಿತು, ದೋಣಿಯೂ ಉಳಿಯಿತು. ನನಗೆ ಅಮಾನತು, ಜೊತೆಗೊಂದು ಮೆಮೊ. ಆರು ತಿಂಗಳಿಂದ ರಜೆ ಕೇಳುತ್ತಿದ್ದೆ, ಕೊಟ್ಟಿರಲಿಲ್ಲ. ಈಗ ತಾವಾಗಿಯೇ ಕೊಟ್ಟಿದ್ದಾರೆ.

ಮಧ್ಯಾಹ್ನ ತಮ್ಮ ಮನೆಗೆ ಬಂದ. ಅವಳು ಕೂರುತ್ತಿದ್ದ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ, ಹಾಗೇ ಕುಡಿದ. ಲೋಟ ಕೆಳಗಿಟ್ಟ ಮೇಲೆ ಎಲ್ಲ ಹೇಳಿದೆ. ಆರನೇ ತಾರೀಕು, ವೈರ್‌ಲೆಸ್ ಕೋಣೆಯ ಬಾಗಿಲು, ಬೇಡ ಎಂದದ್ದು. ಅವಳು ಬರೆದ ಹಾಳೆಯನ್ನೂ ತೋರಿಸಿದೆ. ನಿಶ್ಚಿಂತೆ ಎನ್ನುವ ಕಡೆ ಅವನ ಬೆರಳು ನಿಂತಿತು.

ಬೆರಳು ತೆಗೆಯದೆಯೇ ಕೇಳಿದ: "ಅಕ್ಕ ನನ್ನ ಕೇಳಿದ್ಲಾ?"

"ದಿನಾ ಕೇಳಿದ್ಲು. ತಮ್ಮ ಬಂದ್ನಾ, ಅಂತ."

"ನೀವೇನಂದ್ರಿ?"

"ದಾರೀಲಿದ್ದಾನೆ ಅಂದೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಲೋಟ ತೊಳೆದಿಟ್ಟು, ಚಪ್ಪಲಿ ಹಾಕಿಕೊಂಡು, ಹೊಸಿಲ ಆಚೆ ನಿಂತು, "ಹಂಗಾದ್ರೆ ಅವಳು ಹೋಗುವಾಗ ಅವಳ ಪಾಲಿಗೆ ನಾನು ಬರ್ತಾ ಇದ್ದೆ," ಎಂದ. ನನ್ನನ್ನು ಕೇಳಿದ್ದೋ, ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಹೊರಟುಹೋದ.

ಮಾರ್ಚ್ 25, ಸೋಮವಾರ

ಮೆಮೊಗೆ ಉತ್ತರ ಬರೆದೆ. ‘ಕರ್ತವ್ಯಲೋಪಕ್ಕೆ ನಿಮ್ಮ ಸಮರ್ಥನೆ ಏನು?’ ಎಂದು ಕೇಳಿದ್ದರು. ಐದನ್ನೂ ಒಂದೊಂದಾಗಿ ನೋಡಿದೆ. ಅವಳಿದ್ದಿದ್ದರೆ ನನಗೆ ಯಾವುದಾದರೂ ಒಂದನ್ನು ಹೊಂದಿಸಿಕೊಡುತ್ತಿದ್ದಳು. ಇಡೀ ದೊಡ್ಡ ಹಾಳೆಯಲ್ಲಿ ಮೂರೇ ಮಾತು ಬರೆದೆ: ‘ತಿಳಿಸುವುದು ನನ್ನ ಕೆಲಸವಾಗಿತ್ತು. ತಿಳಿಸಲಿಲ್ಲ. ಸಮರ್ಥನೆ ಇಲ್ಲ.’

ಕೊಡಲು ಆಫೀಸಿಗೆ ಹೋದೆ. ರಿಜಿಸ್ಟರಿನಲ್ಲಿ ಇವತ್ತಿನ ಸಹಿ ಬೇರೆ ಯಾರದೋ. ಮೆಟ್ಟಿಲಿಳಿಯುವಾಗ ವೈರ್‌ಲೆಸ್ ನೋಡಿಕೊಳ್ಳುವವನು ಹಿಂದೆಯೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ನಿಮಗೇ ಅಂತೆ ಎಂದ. ಪೆಟ್ಟಿಗೆ ಗೊರಗೊರ ಎಂದಿತು. ನಡುವೆ ತಮ್ಮನ ದನಿ.

"ಭಾವ, ನಾನು. ದಿಬ್ಬ ದಾಟಿದೆ. ಗಾಳಿ ಪರವಾಗಿಲ್ಲ. ಊಟ ಮಾಡಿ."

ಖಾಸಗಿ ಸಂದೇಶಗಳಿಗೆ ಅವಕಾಶವಿಲ್ಲ ಎಂಬ ನನ್ನ ಕಾಗದ ಎದುರಿನ ಗೋಡೆಯ ಮೇಲೆ ಹಾಗೇ ಇತ್ತು, ಒಂದು ಮೂಲೆಯೂ ಎದ್ದಿರಲಿಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸರಿ ಎಂದೆ. ಗುಂಡಿ ಒತ್ತಿಕೊಂಡು ಹೇಳಬೇಕು ಎಂದು ವೈರ್‌ಲೆಸ್ಸಿನವನು ತೋರಿಸಿಕೊಟ್ಟ. ಒತ್ತಿಕೊಂಡು ಸರಿ ಎಂದೆ.

ದಿಬ್ಬದಾಚೆಯಿಂದ ಅವನ ಮಾತು ಬಂದು ಮುಟ್ಟಲು ಅರ್ಧ ನಿಮಿಷವೂ ಹಿಡಿಯಲಿಲ್ಲ.